ಆಸೆಯೂ ಅದರ ಅಳತೆಯೂ

(ಕೆಂಗೇರಿಯಲ್ಲಿ ಮಾಡಿದ ಭಾಷಣ)



ಆಸೆಯನ್ನು ಬೇರುಸಹಿತ ಕಿತ್ತೊಗೆಯಬೇಕೆಂದು ಉಪದೇಶಿಸುವವರು ಎಲ್ಲ ಕಾಲಗಳಲ್ಲಿಯೂ ಇದ್ದಾರೆ. ಆದರೆ ಮಳೆಯನ್ನು ನಂಬಿ ಬೀಜವನ್ನು ಮಣ್ಣಿಗೆ ಚೆಲ್ಲುವ ರೈತನ ಕೈಯನ್ನು ನಡೆಯಿಸುವುದು ಯಾವುದು? ಮಗುವನ್ನು ಶಾಲೆಗೆ ಕಳುಹಿಸುವ ತಾಯಿಯ ಎದೆಯಲ್ಲಿರುವುದು ಯಾವುದು? ಆಸೆಯೇ ಅಲ್ಲವೆ? ಆಸೆಯನ್ನು ತೊರೆಯಬೇಕೆಂಬುದೂ ಒಂದು ಆಸೆಯೇ. ಆದುದರಿಂದ ದೇಹವಿರುವವರೆಗೆ ಅದು ಮನುಷ್ಯನನ್ನು ಬಿಡತಕ್ಕುದಲ್ಲವೆಂದು ಒಪ್ಪಿಕೊಂಡೇ ವಿಚಾರಕ್ಕೆ ತೊಡಗುವುದು ಯುಕ್ತವು.

ನಮ್ಮ ಕೆಂಗೇರಿಯನ್ನೇ ನೋಡಿರಿ. ತನ್ನದೇ ಪುರಸಭೆಯನ್ನು ಹೊಂದಿದ್ದ ಈ ಊರು 2007ರಲ್ಲಿ ಏಳು ನಗರಸಭೆಗಳೊಡನೆಯೂ 110 ಹಳ್ಳಿಗಳೊಡನೆಯೂ ಬೆಂಗಳೂರು ಮಹಾನಗರದಲ್ಲಿ ಸೇರಿಹೋಯಿತು. 2021ನೆಯ ಆಗಸ್ಟ್ 29ರಂದು ಇಲ್ಲಿಯವರೆಗಿನ ಮೆಟ್ರೋ ರೈಲುಮಾರ್ಗವೂ, 2023ನೆಯ ಮಾರ್ಚ್ 12ರಂದು ಮೈಸೂರಿನ ಹೊಸ ಹೆದ್ದಾರಿಯೂ ಉದ್ಘಾಟನೆಗೊಂಡವು. ಸ್ವಂತ ಮನೆ, ನೆಲೆಯಾದ ಉದ್ಯೋಗ, ಮಕ್ಕಳ ವಿದ್ಯೆ ಇವುಗಳ ಆಸೆಯಿಂದ ಜನರು ಬಂದು ನೆಲೆಸಿದರು. ಇದರಲ್ಲಿ ನಿಂದ್ಯವಾದುದೇನೂ ಇಲ್ಲ.

ಆದರೆ ವೃಷಭಾವತಿಯ ದಡದಲ್ಲಿ ಒಂದು ಗಳಿಗೆ ನಿಂತು ನೋಡಿರಿ. ಬೆಂಗಳೂರಿನಲ್ಲಿಯೇ ಹುಟ್ಟಿ, ಅರ್ಕಾವತಿಯನ್ನು ಕೂಡಿ, ಅದರ ಮೂಲಕ ಕಾವೇರಿಯನ್ನು ಸೇರುವ ಆ ನದಿಯು ಮನೆಗಳ ಕೊಳಚೆಯನ್ನೂ ಕಾರ್ಖಾನೆಗಳ ಕಶ್ಮಲವನ್ನೂ ಹೊತ್ತು, ಕಪ್ಪಾಗಿ, ನೊರೆಗಟ್ಟಿ ಹರಿಯುತ್ತದೆ. ನದಿಯನ್ನು ಕೆಡಿಸಬೇಕೆಂದು ಯಾರೂ ಆಸೆಪಡಲಿಲ್ಲ. ಒಬ್ಬೊಬ್ಬನೂ ತನ್ನ ಆಸೆಯ ಫಲವನ್ನು ಮನೆಗೆ ಒಯ್ದನು. ಅದರ ಉಳಿಕೆಯನ್ನು ಮಾತ್ರ ತನ್ನದೆನ್ನಲಿಲ್ಲ. ದೋಷವಿರುವುದು ಆಸೆಯಲ್ಲಲ್ಲ, ಈ ಮರೆವಿನಲ್ಲಿ.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನೂ ಲಕ್ಕಮ್ಮನೂ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಯಿಸುತ್ತಿದ್ದರಷ್ಟೆ. ಒಂದು ದಿನ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಹೆಚ್ಚಿನದನ್ನು ಇದ್ದಲ್ಲಿಯೇ ಸುರಿದುಬರಬೇಕೆಂದು ಲಕ್ಕಮ್ಮನು ಹೇಳಿದಳೆಂಬುದು ಶರಣಚರಿತೆ. ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಮಾರಯ್ಯನು ಕದ್ದು ತಂದವನಲ್ಲ; ತನ್ನ ಭೋಗಕ್ಕಾಗಿ ತಂದವನೂ ಅಲ್ಲ. ಧರ್ಮದ ಉಡುಗೆಯನ್ನು ತೊಟ್ಟು ಬಂದ ಆಸೆಯನ್ನು ಗುರುತಿಸುವುದು ಬಲು ಕಷ್ಟ. ಅದನ್ನು ಗುರುತಿಸಿದವಳು ಆ ತಾಯಿ. ದಾಸೋಹದ ಆಸೆಯನ್ನು ಅವಳು ಬಿಡಲಿಲ್ಲ. ಅದಕ್ಕೆ ಅಳತೆಯನ್ನಿಟ್ಟಳು, ಅಷ್ಟೆ.

ಮಹೋತ್ಸವದ ಸಮಯದಲ್ಲಿ ಮಠಕ್ಕೂ ಆಸೆಗಳು ಹುಟ್ಟುವುವು. ಇನ್ನೂ ಎತ್ತರದ ಗೋಪುರ, ಇನ್ನೂ ವಿಶಾಲವಾದ ಸಭಾಭವನ ಬೇಕೆನಿಸುವುದು ಸಹಜವೇ. ಭಕ್ತರಾದ ನಾವು ನಮ್ಮ ಮನೆಗಳಲ್ಲಿಯೂ, ಶ್ರೀಮಠದಲ್ಲಿಯೂ ಒಂದೇ ಪ್ರಶ್ನೆಯನ್ನು ಕೇಳಿಕೊಳ್ಳೋಣ: ಈ ಆಸೆಯ ಉಳಿಕೆಯು ಯಾರ ಅಂಗಳದಲ್ಲಿ ಬೀಳುತ್ತದೆ? ಉತ್ತರವನ್ನು ಹೇಳಲು ನಾಚಿಕೆಯಾದರೆ, ತಂದ ಅಕ್ಕಿಯನ್ನು ಹಿಂದಕ್ಕೆ ಸುರಿಯುವ ಧೈರ್ಯವು ನಮಗೆ ಬರಲಿ.