ಬರೆಯದೆ ಬಿಟ್ಟ ಅಳತೆ

(ಶ್ರೀಮಠದ ಮಾಸಿಕ ಶರಣಸಂಗಮದಲ್ಲಿ ಮಾಡಿದ ಉಪನ್ಯಾಸ)

ಕಾಯಕದ ಬಗ್ಗೆ ಮಾತಾಡಬೇಕೆಂದು ಅಪ್ಪಣೆಯಾಗಿದೆ. ನಾನು ಮಣ್ಣು, ಕಲ್ಲು ಅಳೆದು ನಿವೃತ್ತನಾದ ಎಂಜಿನಿಯರ್. ಶಾಸ್ತ್ರ ಗೊತ್ತಿಲ್ಲ. ಕಚೇರಿಯ ಒಂದು ಸಂಗತಿ ಹೇಳುತ್ತೇನೆ.

ಸುಮಾರು 30 ವರ್ಷದ ಹಿಂದೆ ಉತ್ತರ ಕರ್ನಾಟಕದ ಒಂದು ಉಪವಿಭಾಗಕ್ಕೆ ವರ್ಗವಾಗಿ ಹೋದೆ. ನನ್ನ ಜಾಗದಲ್ಲಿದ್ದವರು ಆಗಷ್ಟೇ ನಿವೃತ್ತರಾಗಿದ್ದರು. ಚಾರ್ಜ್ ಪಟ್ಟಿ ಅರ್ಧ ಹಾಳೆ. ಬೀರು ತೆಗೆದರೆ ಲಗ್ನಪತ್ರಿಕೆ, ಬಸ್ ಟಿಕೆಟು, ಸಿಗರೇಟು ಪಾಕೀಟು. ಅವುಗಳ ಬೆನ್ನ ಮೇಲೆಲ್ಲ ಪೆನ್ಸಿಲಿನಲ್ಲಿ ಉದ್ದ, ಅಗಲ, ಆಳ. ಯಾವ ಊರಿನದು, ಯಾವ ದಿನದ್ದು ಎಂಬುದಿಲ್ಲ. ಅವರ ಹೆಸರಿನಲ್ಲಿದ್ದ 11 ಅಳತೆ ಪುಸ್ತಕಗಳಲ್ಲಿ ಸಿಕ್ಕಿದ್ದು 7.

ಅಳತೆ ಪುಸ್ತಕವನ್ನು ನಾವು ಎಂ.ಬಿ. ಅನ್ನುತ್ತೇವೆ. ಪುಟಗಳಿಗೆ ಮೊದಲೇ ಸಂಖ್ಯೆ ಅಚ್ಚಾಗಿರುತ್ತದೆ. ಹಾಳೆ ಹರಿಯುವಂತಿಲ್ಲ, ಅಳಿಸುವಂತಿಲ್ಲ. ತಪ್ಪಾದರೆ ಗೀಟು ಹೊಡೆದು ಸರಿಯಾದದ್ದನ್ನು ಬರೆದು ರುಜು ಹಾಕಬೇಕು. ಕೆಲಸದ ಜಾಗದಲ್ಲೇ ಬರೆಯಬೇಕು. ಅದರಲ್ಲಿ ಏರದ ಕೆಲಸಕ್ಕೆ ಬಿಲ್ಲು ಆಗುವುದಿಲ್ಲ.

ಒಂದು ತಿಂಗಳು ಚಹಾದ ಹೊತ್ತಿಗೆಲ್ಲ ಅವರನ್ನು ಆಡಿಕೊಂಡೆ. ಗುಮಾಸ್ತರು ನಕ್ಕಷ್ಟೂ ನನಗೆ ಹುರುಪು.

ಆಗ ಒಬ್ಬ ಮೇಸ್ತ್ರಿ ಬಂದ. ಎರಡು ವರ್ಷದ ಹಿಂದೆ ಕೆರೆ ಏರಿಗೆ ಮಣ್ಣು ಹಾಕಿಸಿದವನು. ಆಳುಗಳ ಕೂಲಿಗಾಗಿ ಎತ್ತು ಮಾರಿದ್ದ, ಬಿಲ್ಲು ಬಂದಿರಲಿಲ್ಲ. ನಾನು ಹಿಂದಿನವರನ್ನು ಬೈಯತೊಡಗಿದಾಗ ಅವನೇ ತಡೆದ: "ಹಂಗನ್ನಬ್ಯಾಡ್ರಿ ಸಾಹೇಬ್ರ, ಅವರು ಛಲೋ ಮಂದಿರಿ. ಒಂದು ರೂಪಾಯಿ ಕೇಳಿದವರಲ್ಲ. ಬರೀಲಿಲ್ಲ, ಅಷ್ಟರಿ."

ಹಳೇ ತಾರೀಖು ಹಾಕಿ ಅಂದಾಜುಪಟ್ಟಿಯ ಅಂಕಿಯನ್ನೇ ಇಳಿಸಿಬಿಡಿ ಎಂದರು ಗುಮಾಸ್ತರು. ಕೈ ಬರಲಿಲ್ಲ. ಹಾಗೆಂದು ಸುಮ್ಮನೆ ಕೂತರೆ ಅವನ ಕೂಲಿ ನಾನು ಕದ್ದಂತೆಯೇ.

ಬೇಸಿಗೆಯಲ್ಲಿ ನೀರಿಳಿದ ಮೇಲೆ ಕೆರೆಗೆ ಹೋದೆ. ಮಣ್ಣು ತೆಗೆದ ಗುಂಡಿಯ ನಡುವೆ ಮೂಲ ನೆಲದ ಮಟ್ಟ ತೋರಿಸಲು ಒಂದು ದಿಬ್ಬ ಬಿಡುವ ಪದ್ಧತಿಯಿದೆ. ಲೆಕ್ಕವಾದ ಮೇಲೆ ಅದನ್ನೂ ಕಡಿಯುತ್ತಾರೆ. ಈ ಮನುಷ್ಯ ಆ ದಿಬ್ಬಗಳನ್ನು ಎರಡು ವರ್ಷ ಕಾದಿದ್ದ. ದನ ತುಳಿಯದಂತೆ ಪ್ರತಿ ಬೇಸಿಗೆ ಸುತ್ತ ಮುಳ್ಳು ಕಟ್ಟಿದ್ದನಂತೆ. ನೀರಿಗೆ ತಲೆ ಕರಗಿತ್ತು, ಉಳಿದಷ್ಟು ಅಳೆದೆ. ತೂಬಿನ ಅಡಿಪಾಯವನ್ನು ಎರಡು ಕಡೆ ಅಗೆಸಿ ನೋಡಿದೆ.

ಎಂ.ಬಿ. ಒಪ್ಪಿಸದೆ ಬೇಬಾಕಿ ಪತ್ರವಿಲ್ಲ. ಹಾಗಾಗಿ ಆ ಹಿರಿಯರ ಪಿಂಚಣಿಯೂ ನಿಂತಿತ್ತು. ಪತ್ರ ಬರೆದೆ. ಕೈಚೀಲದಲ್ಲಿ ನಾಲ್ಕೂ ಪುಸ್ತಕ ಹಿಡಿದು ಬಸ್ಸಿನಲ್ಲಿ ಬಂದರು. ಒಂದಕ್ಕೆ ಕುಂಕುಮ ಹತ್ತಿತ್ತು, ಆಯುಧಪೂಜೆಗೆ ಇಟ್ಟದ್ದು ಜಗಲಿಯಲ್ಲೇ ಉಳಿದಿತ್ತಂತೆ! ಮೂರು ದಿನ ನೆಲದ ಮೇಲೆ ಕೂತು ಚೀಟಿಗಳನ್ನು ವಿಂಗಡಿಸಿದರು. ಅಂಕಿ ನೋಡಿದರೆ ಸಾಕು, "ಇದು ಹಳ್ಳದ ಎರಡನೇ ಮೋರಿ, ಅವತ್ತು ಮಳೆ ಬಂದಿತ್ತು" ಅನ್ನುವರು. ಅಂಥ ನೆನಪಿದ್ದವರು ಯಾಕೆ ಬರೆಯಲಿಲ್ಲ ಎಂದು ಕೇಳಿದೆ. "ಸಂಜೆ ಬರೆಯೋಣ ಅಂತಿದ್ದೆ. ಸಂಜೆಗೆ ಇನ್ನೊಂದು ಕೆಲಸ ಬರ್ತಿತ್ತು," ಅಂದರು. ಹೊರಡುವಾಗ, "ನಿಮಗೆ ಭಾಳ ತ್ರಾಸು ಕೊಟ್ಟೆ" ಎಂದು ಕೈ ಹಿಡಿದರು. ಚಹಾದ ಹೊತ್ತಿನ ಮಾತು ನೆನಪಾಗಿ ನನಗೆ ಅವರ ಮುಖ ನೋಡಲಾಗಲಿಲ್ಲ.

ಅಳತೆಯನ್ನು ಅಳೆದ ದಿನದ ತಾರೀಖಿನಲ್ಲೇ, ತಡವಾದ ಕಾರಣ ಸಮೇತ ಬರೆದೆ. ಮೇಲಧಿಕಾರಿ ಮರು ಅಳತೆ ಮಾಡಿದರು. ಆಡಿಟಿನವರ ಆಕ್ಷೇಪಣೆಗೆ ಮೂರು ಸಲ ಉತ್ತರ ಕೊಟ್ಟೆ. ಹಣ ಬರಲು ಮತ್ತೆ 14 ತಿಂಗಳು.

ಈಗ ನಮ್ಮ ದಾಸೋಹ ಭವನದ ಕಟ್ಟಡ ಸಮಿತಿಯಲ್ಲಿದ್ದೇನೆ. ಸಿಮೆಂಟು ಎಷ್ಟು ಚೀಲ ಬಂತು ಎಂದು ಅಂದಂದೇ ಬರೆಯಿರಿ ಅಂದರೆ ಕೆಲವರಿಗೆ ಬೇಸರ. "ಮಠದ ಕೆಲಸಕ್ಕೆ ಎಂಥ ಲೆಕ್ಕ" ಅನ್ನುತ್ತಾರೆ. ನನಗೆ ಆ ಮೇಸ್ತ್ರಿ ಕಾಣುತ್ತಾನೆ. ಏರಿಯ ಮೇಲಿನ ಜಾಲಿ ಕಡಿದು ಬೇರು ಕಿತ್ತಿದ್ದ ಕೆಲಸವೂ ಅವನದೇ. ಎರಡು ವರ್ಷದಲ್ಲಿ ಅಲ್ಲಿ ಮತ್ತೆ ಜಾಲಿ ಬೆಳೆದಿತ್ತು. ತೋರಿಸಲು ಏನೂ ಇರಲಿಲ್ಲ. ಆ ಬಾಬತ್ತನ್ನು ನಾನು ಬರೆಯಲಿಲ್ಲ, ಅವನೂ ಕೇಳಲಿಲ್ಲ.