ನೆಗೆಟಿವ್ ರಿಪೋರ್ಟ್ ಮೇಲಿದ್ದ ತಾರೀಖು

ಇವತ್ತಿನ ಎಪಿಸೋಡ್ ಸ್ವಲ್ಪ ಪರ್ಸನಲ್. 2021ರ ಏಪ್ರಿಲ್‌ನಲ್ಲಿ ನಾನು ಮಾಡಿದ ಒಂದು ತಪ್ಪಿನ ಕಥೆ. ಇದನ್ನ ಇದುವರೆಗೂ ಮೈಕ್ ಮುಂದೆ ಹೇಳಿರ್ಲಿಲ್ಲ.

ಆಗ ಬಿ.ಕಾಂ ಮುಗಿಸಿ ಬೆಂಗಳೂರಲ್ಲಿ ಒಬ್ಬ ಆಡಿಟರ್ ಹತ್ರ ಕೆಲಸಕ್ಕೆ ಸೇರಿದ್ದೆ. ವಿಜಯನಗರದಲ್ಲಿ ಒಂದು ರೂಮು, ಇಬ್ಬರು. ಕೊರೋನಾ ಎರಡನೇ ಅಲೆ. ಏಪ್ರಿಲ್ 22ಕ್ಕೆ ರೂಮ್‌ಮೇಟ್‌ಗೆ ಜ್ವರ ಶುರುವಾಯ್ತು. 23ಕ್ಕೆ ಇಬ್ರೂ ಹೋಗಿ ಆರ್‌ಟಿ-ಪಿಸಿಆರ್‌ಗೆ ಸ್ವಾಬ್ ಕೊಟ್ಟು ಬಂದ್ವಿ. ಶನಿವಾರ, ಭಾನುವಾರ ವೀಕೆಂಡ್ ಕರ್ಫ್ಯೂ. ಒಂದೇ ರೂಮು, ಒಂದೇ ಬಾತ್‌ರೂಮು. ಅವನು ಕೆಮ್ತಾ ಮಲಗಿದ್ದ, ನಾನು ಗಂಜಿ ಮಾಡಿ ಕೊಡ್ತಿದ್ದೆ.

26ರ ಸೋಮವಾರ ಎರಡು ಸುದ್ದಿ ಬಂತು. ಮರುದಿನ ರಾತ್ರಿಯಿಂದ 14 ದಿನ ರಾಜ್ಯ ಪೂರ್ತಿ ಬಂದ್ ಅಂತ ಸರ್ಕಾರ ಘೋಷಿಸ್ತು. ಆಮೇಲೆ ಮೊಬೈಲ್‌ಗೆ ರಿಪೋರ್ಟ್: ಅವನು ಪಾಸಿಟಿವ್, ನಾನು ನೆಗೆಟಿವ್. ಅವನನ್ನ ಅವನ ಅಣ್ಣ ಬಂದು ಕರ್ಕೊಂಡು ಹೋದ್ರು. ಪಾಸಿಟಿವ್ ಬಂದವರ ಜೊತೆ ಇದ್ದವರು ಕ್ವಾರಂಟೈನ್‌ನಲ್ಲಿ ಇರ್ಬೇಕು ಅಂತ ನನಗೆ ಗೊತ್ತಿತ್ತು. ಆದ್ರೆ ಕೈಯಲ್ಲಿ ನೆಗೆಟಿವ್ ರಿಪೋರ್ಟ್ ಇತ್ತಲ್ಲ! 27ರ ಬೆಳಿಗ್ಗೆ ಮೆಜೆಸ್ಟಿಕ್‌ನ ಆ ಜನಜಂಗುಳಿಯಲ್ಲಿ ನುಗ್ಗಿ ಅರಸೀಕೆರೆ ಬಸ್ ಹತ್ತಿದೆ.

ಊರಿಗೆ ಹೋದ್ರೆ ಅಜ್ಜಿ ಬಾಗಿಲಲ್ಲೇ ಕಾಯ್ತಿದ್ರು. ನಾನು ದೂರ ನಿಂತೆ. "ರಿಪೋರ್ಟು ಒಳ್ಳೇದೇ ಬಂದೈತಂತಲ್ಲ ಮಗ, ಬಾ ಹತ್ರ" ಅಂದ್ರು. ಹೋದೆ. ರಾತ್ರಿ ಪಕ್ಕದಲ್ಲೇ ಕೂತು ಮುದ್ದೆ ಉಂಡೆ.

29ಕ್ಕೆ ನನಗೆ ಗಂಟಲು ಕೆರೆತ, ಮೈಕೈ ನೋವು. ಮೇ 2ಕ್ಕೆ ಅಜ್ಜಿಗೆ ಜ್ವರ. ಆಶಾ ಅಕ್ಕ ಬಂದು ಬೆರಳಿಗೆ ಆಕ್ಸಿಮೀಟರ್ ಹಾಕಿದ್ರು, 91. ಅಪ್ಪ ನನ್ನ ಮುಖ ನೋಡ್ಲಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಆರು ದಿನ ಆಕ್ಸಿಜನ್ ಮೇಲಿದ್ದು ಅಜ್ಜಿ ವಾಪಸ್ ಬಂದ್ರು. ಆ ಆರು ರಾತ್ರಿ ನಾನು ಆ ರಿಪೋರ್ಟ್‌ನ ಎಷ್ಟು ಸಲ ಓದಿದೀನೋ ಲೆಕ್ಕ ಇಲ್ಲ. ಆಗ ಕಣ್ಣಿಗೆ ಬಿದ್ದಿದ್ದು ಸ್ಯಾಂಪಲ್ ತೆಗೆದ ತಾರೀಖು: ಏಪ್ರಿಲ್ 23.

ಕಾಮರ್ಸ್ ಓದಿದವರಿಗೆ ಇದು ಗೊತ್ತು. ಬ್ಯಾಲೆನ್ಸ್ ಶೀಟ್ ತಲೆ ಮೇಲೆ "ಮಾರ್ಚ್ 31ಕ್ಕೆ ಇದ್ದಂತೆ" ಅಂತ ಇರುತ್ತೆ. ಏಪ್ರಿಲ್ 1ಕ್ಕೆ ಗೋಡೌನ್ ಸುಟ್ಟುಹೋದ್ರೂ ಆ ಲೆಕ್ಕದಲ್ಲಿ ಅದು ಇರಲ್ಲ. ನನ್ನ ರಿಪೋರ್ಟೂ ಅಷ್ಟೇ. 23ಕ್ಕೆ ನನ್ನ ಮೂಗು, ಗಂಟಲಲ್ಲಿ ವೈರಸ್ ಸಿಗಲಿಲ್ಲ ಅಂತ ಹೇಳ್ತು. ವೈರಸ್ ಒಳಗೆ ಹೋದ ತಕ್ಷಣ ಟೆಸ್ಟ್‌ಗೆ ಸಿಗಲ್ಲ, ಸಿಗೋವಷ್ಟು ಬೆಳೆಯೋಕೆ ಕೆಲವು ದಿನ ಬೇಕು. ಅದರ ಮೇಲೆ, ಸ್ವಾಬ್ ಕೊಟ್ಟ ನಂತರವೂ ನಾನು ಅದೇ ರೂಮಲ್ಲಿ ಮೂರು ದಿನ ಇದ್ದೆ. ದಿನಕ್ಕೆ ಹತ್ತು ಬ್ಯಾಲೆನ್ಸ್ ಶೀಟ್ ನೋಡೋ ನಾನು, ನನ್ನದೇ ರಿಪೋರ್ಟ್‌ನ ತಾರೀಖು ನೋಡ್ಲಿಲ್ಲ.

ಇನ್ನು ಲಸಿಕೆ ವಿಷಯ. ಅಜ್ಜಿ ಮಾರ್ಚ್ ಕೊನೆಯಲ್ಲಿ ಕೋವಿಶೀಲ್ಡ್ ಮೊದಲ ಡೋಸ್ ಹಾಕಿಸ್ಕೊಂಡಿದ್ರು. ದೊಡ್ಡಪ್ಪ ಶುರು ಮಾಡಿದ್ರು, "ಸೂಜಿ ಚುಚ್ಚಿಸ್ಕೊಂಡ್ರೂ ಬಂತಲ್ಲ, ಇನ್ನೊಂದು ಯಾಕೆ?" ಅಂತ. ಒಂದೇ ಡೋಸ್‌ನಿಂದ ಸಿಗೋ ರಕ್ಷಣೆ ಪೂರ್ತಿ ಅಲ್ಲ. ಲಸಿಕೆ ಹಾಕಿಸ್ಕೊಂಡ್ರೂ ಸೋಂಕು ಬರಬಹುದು, ಅದರ ಮುಖ್ಯ ಕೆಲಸ ಕಾಯಿಲೆ ಪ್ರಾಣಕ್ಕೆ ಬರದ ಹಾಗೆ ನೋಡ್ಕೊಳ್ಳೋದು. ಆ ಒಂದು ಡೋಸೇ ಅಜ್ಜಿನ ಉಳಿಸ್ತು ಅಂತ ನಾನು ಆಣೆ ಮಾಡಲ್ಲ. ಒಬ್ಬರ ಕಥೆಯಿಂದ ಅದನ್ನ ಹೇಳೋಕಾಗಲ್ಲ. ಹಾಗೇ ಒಬ್ಬರ ಕಥೆ ಇಟ್ಕೊಂಡು "ಲಸಿಕೆ ವೇಸ್ಟ್" ಅಂತಾನೂ ಹೇಳೋಕಾಗಲ್ಲ ದೊಡ್ಡಪ್ಪಾ.

ಸೋಂಕು ಬಂದವರು ಗುಣವಾಗಿ 3 ತಿಂಗಳು ಕಾಯ್ಬೇಕು ಅಂತ ಆಗ ನಿಯಮ ಬಂತು. ಆಗಸ್ಟ್‌ನಲ್ಲಿ ಅಜ್ಜಿಯ ಎರಡನೇ ಡೋಸ್, ನನ್ನ ಮೊದಲನೇದು, ಒಂದೇ ದಿನ ಹಾಕಿಸ್ಕೊಂಡ್ವಿ. ಕ್ಯೂನಲ್ಲಿ ಕೇಳೇಬಿಟ್ಟೆ, "ಅಜ್ಜಿ, ಅದು ನನ್ನಿಂದಾನೇ ಬಂದಿದ್ದಾ?" ಅಂತ. "ಸಂತೆಗೂ ಹೋಗಿದ್ದೆ, ಮದುವೆಗೂ ಹೋಗಿದ್ದೆ. ನಿಂದೇ ಅಂತ ಯಾಕ್ ಅಂದ್ಕೊಂತೀಯ? ಮುಂದಕ್ ನಡಿ" ಅಂದ್ರು. ಅದು ಉತ್ತರಾನಾ, ಸಮಾಧಾನಾನಾ, ನನಗೆ ಇವತ್ತಿಗೂ ಗೊತ್ತಿಲ್ಲ.

ಈ ಪಾಠ ಕೊರೋನಾಗೆ ಮಾತ್ರ ಅಲ್ಲ. ಡೆಂಗಿ ಜ್ವರಕ್ಕೆ ಎನ್‌ಎಸ್1 ಟೆಸ್ಟ್ ಮೊದಲ ಐದು ದಿನದೊಳಗೆ ಚೆನ್ನಾಗಿ ಹಿಡಿಯುತ್ತೆ, ಆಮೇಲೆ ಐಜಿಎಂ ಬೇಕಾಗುತ್ತೆ. ಡಾಕ್ಟರ್ "ಜ್ವರ ಬಂದು ಎಷ್ಟು ದಿನ ಆಯ್ತು?" ಅಂತ ಕೇಳೋದು ಅದಕ್ಕೇ. ಸರಿಯಾದ ದಿನ ಹೇಳಿ. ನೆಗೆಟಿವ್ ಬಂದ್ರೂ ಲಕ್ಷಣ ಹೋಗಿಲ್ಲ ಅಂದ್ರೆ ಮತ್ತೆ ಡಾಕ್ಟರ್ ಹತ್ರ ಹೋಗಿ. ಮನೇಲಿ ವಯಸ್ಸಾದವರಿದ್ರೆ ನಾಲ್ಕು ದಿನ ದೂರ ಇರಿ. ಮುದ್ದೆ ಆಮೇಲೂ ಸಿಗುತ್ತೆ.

ನಿಮಗೂ ಇಂಥ ಅನುಭವ ಆಗಿದ್ರೆ ಒಂದು ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ. ಹುಷಾರು.