ಮನೆಯ ನೀರು, ಬೀದಿಯ ಜ್ವರ



ಶತಮಾನೋತ್ಸವದ ಈ ಸಂಭ್ರಮದಲ್ಲಿ ಸೊಳ್ಳೆಯ ಮಾತೇಕೆಂದು ತಾವು ಬೆರಗಾಗಬಹುದು. ಆದರೆ ನಮ್ಮ ಸೀಮೆಯ ಬದುಕು ನೀರಿನೊಡನೆ ಬೆಸೆದದ್ದು. ವಿಜಯನಗರದ ಅರಸರ ಕಾಲದ ಬಸವಣ್ಣ ಕಾಲುವೆ, ತುರ್ತಾ ಕಾಲುವೆಗಳು ಇಂದಿಗೂ ಹರಿಯುತ್ತಿವೆ. 1953ರಲ್ಲಿ ತುಂಗಭದ್ರಾ ಜಲಾಶಯದ ನೀರು ಹೊಲಗಳಿಗೆ ಹರಿದ ಮೇಲೆ ಗದ್ದೆಗಳು ಹಬ್ಬಿದವು. ಅದೇ ವರ್ಷ ಭಾರತ ಸರ್ಕಾರವು ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮವನ್ನು ಆರಂಭಿಸಿತು. ಡಿ.ಡಿ.ಟಿ. ಸಿಂಪಡಿಸುವವರು ಮನೆಬಾಗಿಲಿಗೇ ಬರುತ್ತಿದ್ದರು; ಗೋಡೆ ತೋರಿಸಿದರೆ ಮನೆಯವರ ಕೆಲಸ ಮುಗಿಯುತ್ತಿತ್ತು. ಆ ರೂಢಿಯೇ ಇಂದು ನಮಗೆ ತೊಡಕಾಗಿದೆ.

ಏಕೆಂದರೆ ಡೆಂಗೀ ಜ್ವರವನ್ನು ಹರಡುವ ಈಡಿಸ್ ಸೊಳ್ಳೆಯು ಕಾಲುವೆಯದಲ್ಲ, ಚರಂಡಿಯದೂ ಅಲ್ಲ. ನಾವು ಬಳಸಲೆಂದು ತುಂಬಿಟ್ಟ ತಿಳಿನೀರೇ ಅದರ ತೊಟ್ಟಿಲು. ಅದು ಕಚ್ಚುವುದು ಹಗಲಿನಲ್ಲಿ. ಜ್ವರದವರನ್ನು ಹಗಲೂ ಸೊಳ್ಳೆಪರದೆಯೊಳಗೆ ಮಲಗಿಸಬೇಕು, ಇಲ್ಲವಾದರೆ ಅವರಿಂದಲೇ ರೋಗವು ಬೇರೆ ಸೊಳ್ಳೆಗಳಿಗೆ ದಾಟುತ್ತದೆ. ರಾಜ್ಯ ಸರ್ಕಾರವು 2024ರಲ್ಲಿ ಡೆಂಗೀಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಗೊಡುವ ನಗರದ ಮನೆಗೆ 400, ಹಳ್ಳಿಯ ಮನೆಗೆ 200 ರೂಪಾಯಿ ದಂಡವನ್ನು ಗೊತ್ತುಮಾಡಿತು. ದಂಡಕ್ಕಂಜಿ ತೊಟ್ಟಿ ತೊಳೆಯುವವರು ಎಷ್ಟು ಮಂದಿಯೋ!

ನಳದ ನೀರಿಗಾಗಿ ದಿನಗಟ್ಟಲೆ ಕಾಯುವ ಮನೆಯಲ್ಲಿ, ತುಂಬಿದ ಡ್ರಮ್ಮನ್ನು ಚೆಲ್ಲಿರೆಂದರೆ ಯಾವ ತಾಯಿ ಒಪ್ಪಿಯಾಳು? ಒಪ್ಪದಿರುವುದೇ ನ್ಯಾಯ. ಚೆಲ್ಲಬೇಕಾಗಿಯೂ ಇಲ್ಲ. ನೀರನ್ನು ದಟ್ಟ ಬಟ್ಟೆಯಲ್ಲಿ ಸೋಸಿ ಬೇರೆ ಪಾತ್ರೆಗೆ ತುಂಬಿಕೊಂಡು, ಬರಿದಾದ ತೊಟ್ಟಿಯ ಒಳಮೈಯನ್ನು ತೆಂಗಿನ ನಾರಿನಿಂದ ಬಲವಾಗಿ ಉಜ್ಜಬೇಕು. ಅಂಚಿಗೆ ಅಂಟಿದ ತತ್ತಿಗಳು ತಿಂಗಳುಗಟ್ಟಲೆ ಒಣಗಿದ್ದರೂ ಸಾಯವು; ನೀರು ಮುಟ್ಟಿದಾಗ ಮತ್ತೆ ಜೀವ ತಳೆಯುತ್ತವೆ. ತತ್ತಿಯು ಸೊಳ್ಳೆಯಾಗಲು ಎಂಟು ಹತ್ತು ದಿನ ಸಾಕು; ಆದುದರಿಂದ ವಾರಕ್ಕೊಮ್ಮೆ ಉಜ್ಜಿ, ಮತ್ತೆ ತುಂಬಿ, ಬಿಗಿಯಾಗಿ ಮುಚ್ಚಿಡಬೇಕು.

ಸಂಡೂರಿನಲ್ಲಿ ಅದಿರಿನ ಲಾರಿಗಳ ಹಳೆಯ ಟೈರು, ಹಂಪಿಯಲ್ಲಿ ಪ್ರವಾಸಿಗರು ಕುಡಿದೆಸೆದ ಎಳನೀರಿನ ಬುರುಡೆ, ಇವೂ ತೊಟ್ಟಿಗಳೇ. ಕಂಪ್ಲಿಯ ಭತ್ತದ ಗದ್ದೆಗಳ ಮಾತು ಬೇರೆ. ಗದ್ದೆಯ ನೀರಿನಲ್ಲಿ ಬೆಳೆಯುವ ಕ್ಯೂಲೆಕ್ಸ್ ಸೊಳ್ಳೆಯು ಮೆದುಳುಜ್ವರವನ್ನು ಹರಡಬಲ್ಲದು. ಅದಕ್ಕೆ ಲಸಿಕೆಯುಂಟು, ಮಕ್ಕಳಿಗೆ ತಪ್ಪದೆ ಹಾಕಿಸಿರಿ.

ಈಡಿಸ್ ಸೊಳ್ಳೆಯು ಸಾಮಾನ್ಯವಾಗಿ ಬಹುದೂರ ಹಾರದು. ನಮ್ಮನ್ನು ಕಚ್ಚಿದ್ದು ಬಹುಮಟ್ಟಿಗೆ ನಮ್ಮ ಬೀದಿಯಲ್ಲೇ ಹುಟ್ಟಿದ್ದು. ಹತ್ತು ಮನೆಯವರು ತೊಟ್ಟಿ ಉಜ್ಜಿ, ಹನ್ನೊಂದನೆಯವರು ಬಿಟ್ಟರೆ ಹತ್ತು ಮನೆಯ ಶ್ರಮವೂ ವ್ಯರ್ಥ. ಬೀದಿಗೊಂದು ದಿನವನ್ನು ಗೊತ್ತುಮಾಡಿ, ಜಾತಿ ಮತವೆನ್ನದೆ ಎಲ್ಲ ಮನೆಗಳವರೂ ಕೂಡಿಯೇ ಮಾಡಬೇಕಾದ ಕೆಲಸವಿದು.

ನವೆಂಬರ್ 2ರಂದು ನಮ್ಮ ಮೃತರ ಸಮಾಧಿಗಳ ಮೇಲೆ ಇರಿಸುವ ಹೂದಾನಿಗಳಲ್ಲಿಯೂ ನೀರು ಉಳಿಯುತ್ತದೆ. ಅವುಗಳಿಗೆ ನೀರಿನ ಬದಲು ಒದ್ದೆ ಮರಳನ್ನು ತುಂಬಿದರೆ ಹೂವೂ ನಿಲ್ಲುತ್ತದೆ, ಸೊಳ್ಳೆಗೂ ಎಡೆಯಿರದು. ಬರುವ ಭಾನುವಾರ ಬಲಿಪೂಜೆಯ ತರುವಾಯ ಅಲ್ಲಿಂದಲೇ ಆರಂಭಿಸೋಣ. ಮರಳಿನ ಚೀಲಗಳನ್ನು ಸಮಾಧಿಭೂಮಿಯ ಬಾಗಿಲ ಬಳಿ ಇರಿಸಿದ್ದೇವೆ.